ಫ್ಲೆಕ್ಸಿನಲ್ಲಿ ಪಾಸಾದ ಲಿಂಟಾ

ಸಿಬಿಯ ಇಂಗ್ಲಿಷ್ ಅಕಾಡೆಮಿಗೆ ಸೇರಿದ ನರ್ಸುಗಳಿಗೆ ಮೊದಲ ದಿನ ಪಾಠವಿಲ್ಲ, ಫೋಟೋ. ಗೋಡೆಗೆ ನೀಲಿ ಬಟ್ಟೆ ಕಟ್ಟಿ, ಅದರ ಮುಂದೆ ಹುಡುಗಿಯನ್ನು ನಿಲ್ಲಿಸಿ, ಚೂಡಿದಾರದ ಮೇಲೆ ಒಂದು ಬಿಳಿ ಕೋಟು ತೊಡಿಸುತ್ತಾನೆ. ಕೋಟು ಒಂದೇ, ಹುಡುಗಿಯರ ಗಾತ್ರ ಬೇರೆ ಬೇರೆ. ಸಣಕಲಿಯರಿಗೆ ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ ಬಿಗಿ ಮಾಡುತ್ತಾನೆ. ಮೈ ತುಂಬಿದವರಿಗೆ ಗುಂಡಿ ಹಾಕದೆ ಕೈಕಟ್ಟಿ ನಿಲ್ಲಲು ಹೇಳುತ್ತಾನೆ. ಇಂಗ್ಲಿಷಿನ ಒಂದು ವಾಕ್ಯ ನೆಟ್ಟಗೆ ಬರುವ ಮೊದಲೇ ಅವರ ಮುಖದಲ್ಲಿ ಲಂಡನ್ನಿನಲ್ಲಿ ಹತ್ತು ವರ್ಷ ಬಾಳಿದ ನಗು ಬಂದಿರಬೇಕು. ಪರೀಕ್ಷೆ ಪಾಸಾದ ದಿನ ಆ ಮುಖ ಕುರಿಶುಪಳ್ಳಿ ಜಂಕ್ಷನ್ನಿನ ಫ್ಲೆಕ್ಸ್ ಬೋರ್ಡಿಗೆ ಏರುತ್ತದೆ. ಕೋಟ್ಟಯಂ ಜಿಲ್ಲೆಯ ನಮ್ಮ ಈ ಮೂಲೆಯಲ್ಲಿ ಹೆಣ್ಣುಮಕ್ಕಳನ್ನು ದೇವರು ಗುರುತಿಸುವುದೂ ಆ ಫ್ಲೆಕ್ಸ್ ನೋಡಿಯೇ ಎಂದು ಜನರ ನಂಬಿಕೆ.

ನಾನು ಅಲ್ಲಿ ವ್ಯಾಕರಣ ಕಲಿಸುವವಳು, ಅನ್ನಕ್ಕುಟ್ಟಿ ಟೀಚರ್. ಸರಕಾರಿ ಹೈಸ್ಕೂಲಿನಿಂದ ನಿವೃತ್ತಳಾದ ಮೇಲೆ ಮನೆಯಲ್ಲಿ ಕೂತು ನಾದಿನಿಯ ಜೊತೆ ಜಗಳವಾಡುವುದಕ್ಕಿಂತ ಇದು ವಾಸಿ ಎಂದು ಒಪ್ಪಿಕೊಂಡೆ. ಸಿಬಿ ಹಿಂದೆ ನೀರು ಶುದ್ಧಿ ಮಾಡುವ ಯಂತ್ರ ಮಾರುತ್ತಿದ್ದ. ಈಗ ನಾಲಿಗೆ ಶುದ್ಧಿಗೆ ಇಳಿದಿದ್ದಾನೆ. ಅವನಿಗೆ ಇಂಗ್ಲಿಷ್ ಎಷ್ಟು ಬರುತ್ತದೆ ಎಂದು ಕೇಳಬೇಡಿ, ಅದನ್ನು ಕೇಳಿದವರಿಗೆಲ್ಲ ಅವನು ಚಹಾ ತರಿಸಿಕೊಟ್ಟು ಬೇರೆ ಮಾತು ಎತ್ತುತ್ತಾನೆ.

ನಮ್ಮಲ್ಲಿಗೆ ಬರುವವರೆಲ್ಲ ವಿದೇಶದ ಆಸ್ಪತ್ರೆ ಸೇರಬೇಕಾದ ನರ್ಸುಗಳು. ಅವರಿಗೊಂದು ಮಾತಿನ ಪರೀಕ್ಷೆ. ಎದುರಿಗೆ ಕೂತವನು ರೋಗಿಯ ಹಾಗೆ ನಟಿಸುತ್ತಾನೆ, ಇವರು ಐದು ನಿಮಿಷ ಅವನನ್ನು ಮಾತನಾಡಿಸಿ ಸಮಾಧಾನಪಡಿಸಬೇಕು. ಸೂಜಿ ಚುಚ್ಚುವ ಕೈ ಹೇಗಿದೆ ಎಂದು ಯಾರೂ ನೋಡುವುದಿಲ್ಲ, ಚುಚ್ಚುವ ಮುಂಚೆ ಹೇಗೆ ಕೇಳಿದಳು ಅಷ್ಟೇ. ಬಿ ಗ್ರೇಡು ಬಂದರೆ ವಿಮಾನ. ಬಾರದಿದ್ದರೆ ಮತ್ತೆ ಸಿಬಿ.

ಅದಕ್ಕೆ ನಾನು ಕಲಿಸುತ್ತಿದ್ದದ್ದು ಮುಖ್ಯವಾಗಿ ಸಹಾಯಕ ಕ್ರಿಯಾಪದಗಳನ್ನು. ಪುಸ್ತಕದ ವ್ಯಾಖ್ಯಾನ ಓದಿದರೆ ಹುಡುಗಿಯರು ಆಕಳಿಸುತ್ತಾರೆ. "ನೋಡ್ರೇ," ಎನ್ನುತ್ತಿದ್ದೆ, "ಮಸ್ಟ್ ಅಂದ್ರೆ ಅತ್ತೆ. ಆಕೆ ಅಂದಮೇಲೆ ಮುಗೀತು. ಶುಡ್ ಅಂದ್ರೆ ಪಾದ್ರಿ. ಮಾಡಿದ್ರೆ ಒಳ್ಳೇದು, ಮಾಡದಿದ್ರೆ ಭಾನುವಾರ ಮುಖ ನೋಡ್ತಾರೆ. ಮೈಟ್ ಅಂದ್ರೆ ನಮ್ಮ ಸರಕಾರಿ ಬಸ್ಸು, ಬಂದ್ರೂ ಬರಬಹುದು. ಕುಡ್ ಅಂದ್ರೆ ಹಲಸಿನಹಣ್ಣಿಗೆ ಆಸೆಪಟ್ಟು ಬೇಲಿ ಹತ್ರ ನಿಂತ ನೆರೆಮನೆಯವನು. ವುಡ್ ಅಂದ್ರೆ ಮಾವನ ಮನೇಲಿ ಮೊದಲನೇ ದಿನ ಊಟಕ್ಕೆ ಕೂತ ಅಳಿಯ." ಹುಡುಗಿಯರು ನಗುತ್ತಿದ್ದರು, ನೆನಪಿಟ್ಟುಕೊಳ್ಳುತ್ತಿದ್ದರು. ಇಂಗ್ಲಿಷರು ಅರ್ಧ ಲೋಕ ಆಳಿದ್ದು ತೋಪಿನಿಂದಲ್ಲ, ಈ ನಾಲ್ಕಾರು ಪದಗಳಿಂದ ಎನ್ನುವುದು ನನ್ನ ಅಭಿಪ್ರಾಯ. "ನಿಮ್ಮ ಮೆಣಸು ಸ್ವಲ್ಪ ನೋಡಬಹುದೇನೋ?" ಎಂದು ಕೇಳಿದರು. "ಅದಕ್ಕೇನಂತೆ, ನೋಡಿ" ಎಂದೆವು. ನೋಡಿ ಮುಗಿಸುವ ಹೊತ್ತಿಗೆ ಕಣಜ ಖಾಲಿ. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಅವರು ವ್ಯಾಕರಣ ಮಾಡಿಕೊಂಡರು, ನಾವು ಅದಕ್ಕೆ ಫೀಸು ಕಟ್ಟಿ ಕಲಿಯುತ್ತಿದ್ದೇವೆ.

ಲಿಂಟಾ ನನ್ನ ಕ್ಲಾಸಿಗೆ ಬಂದಾಗ ಆ ಪರೀಕ್ಷೆಯಲ್ಲಿ ಒಂದು ಸಲ ಬಿದ್ದಿದ್ದಳು. ಮೂವತ್ತೊಂದು ದಾಟಿದ ಹುಡುಗಿ, ಪಟ್ಟಣದ ಖಾಸಗಿ ಆಸ್ಪತ್ರೆಯ ತೀವ್ರನಿಗಾ ವಾರ್ಡಿನಲ್ಲಿ ಕೆಲಸ. ಅವಳ ದನಿ ಕೇಳಿದರೆ ಬ್ಲಡ್ ಪ್ರೆಶರ್ ತಾನಾಗಿ ಸರಿಹೋಗಬೇಕು, ಅಂಥದ್ದು. "ಬಾಯಿ ತೆಗಿ. ನುಂಗು. ಅಳಬೇಡ. ಆಯ್ತು." ಅವಳ ಭಾಷೆಯೇ ಅದು. ವಾರ್ಡಿನಲ್ಲಿ ಡಾಕ್ಟರುಗಳೂ ಅವಳ ಮಾತಿಗೆ ಬಾಯಿ ತೆಗೆಯುತ್ತಿದ್ದರಂತೆ.

ಮೊದಲ ದಿನ ನಾನೇ ರೋಗಿಯಾದೆ. "ನಂಗೆ ಸೂಜಿ ಅಂದ್ರೆ ಭಯ," ಎಂದು ಇಂಗ್ಲಿಷಿನಲ್ಲಿ ನರಳಿದೆ.

"ಭಯ ಬೇಡ. ಕೈ ಕೊಡಿ," ಎಂದಳು ಲಿಂಟಾ. ನಾನು ಕೈ ಕೊಟ್ಟೆ. ಮುಗಿಯಿತು.

"ಮೋಳೇ, ಮಗಳೇ," ಎಂದೆ, "ಪರೀಕ್ಷೆ ಐದು ನಿಮಿಷದ್ದು. ನೀನು ಕಣ್ಣು ಮಿಟುಕಿಸೋದ್ರೊಳಗೆ ಗುಣ ಮಾಡಿ ಕಳಿಸಿಬಿಟ್ಟೆ. ಉಳಿದ ಹೊತ್ತು ಎದುರಿಗೆ ಕೂತ ಆ ಬಿಳಿಯ ಏನು ಮಾಡ್ತಾನೆ, ಜಪ ಮಾಡ್ತಾನಾ?"

"ಟೀಚರೇ, ಸೂಜಿ ಹಾಕ್ಲೇಬೇಕಲ್ಲ. ಹಾಕ್ಲಾ ಬೇಡ್ವಾ ಅಂತ ಯಾಕೆ ಕೇಳ್ಬೇಕು?"

"ಅದು ಸುಮ್ನೆ ಕೇಳೋದು."

"ಬೇಡ ಅಂದ್ರೆ?"

"ಅನ್ನಲ್ಲ."

"ಹಂಗಾದ್ರೆ ಕೇಳೋದು ಮೋಸ ಅಲ್ವಾ?"

"ಅದಕ್ಕೇ ಅದನ್ನ ಸೌಜನ್ಯ ಅಂತಾರೆ," ಎಂದು ಬಾಯಿ ಮುಚ್ಚಿಸಿದೆ.

ಸಿಬಿ ಒಂದು ಕಾನೂನು ತಂದ. ಅಕಾಡೆಮಿಯ ಗೇಟಿನೊಳಗೆ ಯಾರೂ ಬೋಳು ವಾಕ್ಯ ಆಡಕೂಡದು. ಪ್ರತಿ ವಾಕ್ಯಕ್ಕೂ ಒಂದು ಮೆತ್ತನೆಯ ಕ್ರಿಯಾಪದ ತೊಡಿಸಬೇಕು. ತಪ್ಪಿದವರು ಇಡೀ ಬ್ಯಾಚಿಗೆ ಚಹಾ ಮಾಡಬೇಕು. ಒಂದಿಡೀ ವಾರ ಲಿಂಟಾಳೇ ಚಹಾ ಮಾಡಿದಳು. ಆಮೇಲೆ ಹಟಕ್ಕೆ ಬಿದ್ದಳು. ಹಟಕ್ಕೆ ಬಿದ್ದರೆ ಆ ಹುಡುಗಿ ಅರ್ಧಕ್ಕೆ ನಿಲ್ಲುವ ಜಾತಿಯಲ್ಲ. ಮನೆಯಲ್ಲಿ, ವಾರ್ಡಿನಲ್ಲಿ, ಬಸ್ಸಿನಲ್ಲಿ, ಮಲಯಾಳದಲ್ಲೂ ಅದೇ ರಾಗ ಸುರುವಾಯಿತು.

ವಾರ್ಡಿನಲ್ಲಿ ಮುದುಕರೊಬ್ಬರಿಗೆ ಬೆನ್ನು ಒರೆಸಬೇಕಿತ್ತು. "ಅಪ್ಪೂಪ್ಪಾ, ತಮಗೆ ತೊಂದರೆಯಾಗದಿದ್ದಲ್ಲಿ ಆ ಕಡೆಗೆ ಹೊರಳಲು ಸಾಧ್ಯವಾಗಬಹುದೇ?" ಎಂದು ಕೇಳಿದಳಂತೆ.

"ಸಾಧ್ಯ ಇದ್ದಿದ್ರೆ ಇಲ್ಲಿ ಯಾಕೆ ಬಂದು ಬೀಳ್ತಿದ್ದೆ ಮೋಳೇ?" ಎಂದರಂತೆ ಮುದುಕರು.

ಮನೆಯಲ್ಲಿ ಅವಳ ಅಪ್ಪ ಔಸೇಪ್ಪಚ್ಚನ್ ಬೀಡಿ ಹಚ್ಚುತ್ತಿದ್ದಾಗ, ಮೊದಲಾದರೆ ಕಿತ್ತು ಎಸೆಯುತ್ತಿದ್ದವಳು, "ಅಪ್ಪಚ್ಚಾ, ಇದನ್ನು ಕೊಂಚ ಕಡಿಮೆ ಮಾಡುವ ಬಗ್ಗೆ ತಾವು ಆಲೋಚಿಸಬಹುದೇನೋ," ಎಂದಳು. ಆ ಮನುಷ್ಯನ ಮುಖ ಬಿಳುಚಿತು. ಮಗಳು ಇಷ್ಟು ಮೆತ್ತಗೆ ಮಾತಾಡಿದ್ದಾಳೆಂದರೆ ತನಗೆ ದೊಡ್ಡ ಕಾಯಿಲೆಯೇ ಅಂಟಿದೆ ಎಂದು ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಎಕ್ಸ್‌ರೇ ತೆಗೆಸಿಕೊಂಡು ಬಂದರು. ಎದೆ ಸರಿಯಾಗಿಯೇ ಇತ್ತು. ಬೀಡಿ ಮಾತ್ರ ಅಂದಿನಿಂದ ಬಿಟ್ಟರು, ಅದೊಂದು ಲಾಭ.

ಎರಡನೇ ಸಲ ಪರೀಕ್ಷೆ ಮುಗಿಸಿ ಬಂದವಳನ್ನು ಗೇಟಿನಲ್ಲೇ ಹಿಡಿದು ಕೇಳಿದೆ.

"ಹೆಂಗಾಯ್ತೇ?"

"ಒಂದು ಕಡೇನೂ ಬಿಡ್ಲಿಲ್ಲ ಟೀಚರೇ, ಎಲ್ಲಾ ಕಡೆ ಹಾಕ್ದೆ. ಒಳಗೆ ಬರಬಹುದಾ ಅಂದೆ. ಕೂತ್ಕೋಬಹುದಾ ಅಂದೆ. ನನ್ನ ಹೆಸರು ಹೇಳಬಹುದಾ ಅಂದೆ. ನಿಮ್ಮನ್ನ ಏನಂತ ಕರೀಬಹುದು ಅಂದೆ. ಕಿಟಕಿ ಕೊಂಚ ತೆಗೆದ್ರೆ ನಿಮಗೆ ಹಿತವಾಗಬಹುದಾ ಅಂದೆ. ನೋವಿನ ಬಗ್ಗೆ ಕೇಳಿದ್ರೆ ಬೇಜಾರಾಗಬಹುದಾ ಅಂದೆ."

"ಆಮೇಲೆ?"

"ಹೊತ್ತು ಮುಗೀತು."

"ರೋಗಿ?"

"ನೋವಲ್ಲೇ ಇದ್ದ ಟೀಚರೇ."

ನನಗೆ ನಗು ತಡೆಯಲಾಗಲಿಲ್ಲ. ಇವಳು ಪಾಸಾಗುವುದು ಕಷ್ಟ ಎಂದು ಅಂದೇ ನನಗೆ ಅನ್ನಿಸಿತ್ತು. ಅವಳಿಗೂ ಅನ್ನಿಸಿತ್ತು.

ಅನ್ನಿಸದೆ ಇದ್ದದ್ದು ಸಿಬಿಗೆ. ಅದು ಪಂಚಾಯತಿ ಚುನಾವಣೆಯ ಕಾಲ. ಜಿಲ್ಲೆಯ ಫ್ಲೆಕ್ಸ್ ಮುದ್ರಿಸುವ ಅಂಗಡಿಗಳೆಲ್ಲ ಕೈಮುಗಿದ ಅಭ್ಯರ್ಥಿಗಳಿಂದ ತುಂಬಿಹೋಗಿದ್ದವು. ಫಲಿತಾಂಶ ಬಂದ ಮೇಲೆ ಮುದ್ರಿಸಲು ಹೋದರೆ ಸರದಿ ಸಿಗುವುದಿಲ್ಲ, ಅಷ್ಟರಲ್ಲಿ ಎದುರು ರಸ್ತೆಯ ಅಕಾಡೆಮಿಯವನು ತನ್ನ ಹುಡುಗಿಯರನ್ನು ಕಂಬಕ್ಕೇರಿಸಿಬಿಡುತ್ತಾನೆ. ಅದಕ್ಕೇ ಸಿಬಿ ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸಿದ. ಇಡೀ ಬ್ಯಾಚಿನ ಮುಖಗಳನ್ನು ಮುದ್ರಿಸಿ, ಸುತ್ತಿ, ಮೂಲೆಯಲ್ಲಿಡಲು ಹೇಳಿದ. ಬಿದ್ದವರ ಮುಖದ ಮೇಲೆ ಆಮೇಲೆ ಕನ್ಯಾಮಾತೆಯ ಚಿತ್ರ ಅಂಟಿಸಿದರಾಯಿತು ಎಂದು ಅವನ ಲೆಕ್ಕ. ಆದರೆ ಫ್ಲೆಕ್ಸ್ ಕಟ್ಟುವವರು ಅಭ್ಯರ್ಥಿಯನ್ನು ಕಟ್ಟಲು ಏಣಿ ಹಾಕಿದ್ದರು. ಏಣಿ ಇದ್ದಾಗಲೇ ಇದೂ ಆಗಿಹೋಗಲಿ ಎಂದು ಎಳೆದು ಬಿಗಿದುಬಿಟ್ಟರು.

ಬೆಳಿಗ್ಗೆ ಚರ್ಚಿಗೆ ಹೊರಟವರು ನೋಡುತ್ತಾರೆ, ಒಂದು ಕಡೆ ಒಂಬತ್ತನೇ ವಾರ್ಡಿನ ಅಭ್ಯರ್ಥಿ, ಇನ್ನೊಂದು ಕಡೆ ಚಿನ್ನದಂಗಡಿ, ನಡುವೆ ಕೈಕಟ್ಟಿ ನಗುತ್ತಿರುವ ಲಿಂಟಾ. ಫೋಟೋದಲ್ಲಿ ಚೆಲುವಾಗಿ ಬಂದಿದ್ದಳೆಂದು ಸಿಬಿ ಅವಳನ್ನು ಎಲ್ಲರಿಗಿಂತ ದೊಡ್ಡದಾಗಿ ಹಾಕಿಸಿದ್ದ. "ಅಭಿನಂದನೆಗಳು! ಮಾತಿನಲ್ಲಿ ಬಿ ಗ್ರೇಡ್! ಇನ್ನು ಲಂಡನ್!"

"ಕೂಡ್ಲೇ ಇಳಿಸು," ಎಂದೆ ಸಿಬಿಗೆ.

"ಟೀಚರೇ, ಈಗ ಇಳಿಸಿದ್ರೆ ಜನ ಏನಂತಾರೆ? ಪಾಸಾಗೇ ಆಗ್ತಾಳೆ. ಫ್ಲೆಕ್ಸ್ ಸ್ವಲ್ಪ ಮುಂಚೆ ಬಂತು, ಅಷ್ಟೇ."

"ನಿನ್ನ ತಿಥಿ ಕಾರ್ಡೂ ಹಂಗೇ ಮುಂಚೆ ಹೊಡ್ಸಿ ಇಡು. ಆಗ ಸರದಿ ಸಿಗ್ದೇ ಹೋದೀತು," ಎಂದೆ. ಅವನು ಚಹಾ ತರಿಸಿದ.

ಊರು ಒಂದು ಸಲ ಅಭಿನಂದಿಸಲು ಹೊರಟರೆ ತಡೆಯುವವರಾರು? ಭಾನುವಾರದ ಪೂಜೆಯ ನಂತರ ಪಾದ್ರಿ ಅವಳ ಹೆಸರು ಹೇಳಿದರು. ಚರ್ಚಿನ ಮಾತೃಸಂಘದ ಹೆಂಗಸರು ಶಾಲು ಹೊದಿಸಿದರು. "ಫಲಿತಾಂಶ ಇನ್ನೂ ಬರಬೇಕಾಗಿರಬಹುದು," ಎಂದು ಲಿಂಟಾ ಗೊಣಗಿದಳು. "ಎಂಥ ವಿನಯ ನೋಡಿ!" ಎಂದು ಅದಕ್ಕೂ ಚಪ್ಪಾಳೆ ತಟ್ಟಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಹಲ್ಲು ಕಡಿದೆ.

ಆ ಚಪ್ಪಾಳೆ ತಟ್ಟಿದವರಲ್ಲಿ ತ್ರೇಸ್ಯಾಮ್ಮ ಇದ್ದರು. ಅವರ ಮಗ ಜೆರಿನ್‌ಗೆ ಲಿಂಟಾಳನ್ನು ಕೇಳುವ ಮಾತು ಒಂದು ವರ್ಷದಿಂದ ನಡೆದಿತ್ತು, ಅಂದರೆ ನಡೆಯದೆ ನಿಂತಿತ್ತು. "ಪರೀಕ್ಷೆ ಆಗ್ಲಿ, ನೋಡೋಣ," ಎಂದು ತ್ರೇಸ್ಯಾಮ್ಮ ಕಾಯಿಸಿದ್ದರು. ಜೆರಿನ್ ಹೋಟೆಲ್ ಕೆಲಸದ ಡಿಪ್ಲೊಮಾ ಮಾಡಿ, ಮನೆಯಲ್ಲಿ ಹೋಟೆಲಿನ ಅತಿಥಿಯಂತೆ ಬದುಕುತ್ತಿದ್ದ. ಅವನ ಮುಖ್ಯ ಅರ್ಹತೆ ಪಾಸ್‌ಪೋರ್ಟ್. ಹೆಂಡತಿ ನರ್ಸಾಗಿ ಹೋದರೆ ಗಂಡನಿಗೂ ವೀಸಾ ಸಿಗುತ್ತದಲ್ಲ, ಆ ಬಾಬತ್ತು. ನಮ್ಮಲ್ಲಿ ಅಂಥ ಗಂಡುಗಳು ಮನೆಗೊಂದು ಇವೆ, ನಾಚಿಕೆ ಯಾರಿಗೂ ಇಲ್ಲ.

ಫ್ಲೆಕ್ಸ್ ಏರಿದ ವಾರದಲ್ಲೇ ತಾಯಿ ಮಗ ಅಚ್ಚಪ್ಪ, ಕುಳಲಪ್ಪ ಎಂದು ಕರಿದ ತಿಂಡಿಗಳ ಡಬ್ಬಿ ಹೊತ್ತು ಲಿಂಟಾಳ ಮನೆಗೆ ಬಂದರು. ಫಲಿತಾಂಶದ ಮಾತನ್ನು ಲಿಂಟಾ ಮತ್ತೆ ಎತ್ತಿದಳು, ಮತ್ತೆ ಅದೇ ರಾಗದಲ್ಲಿ. ತ್ರೇಸ್ಯಾಮ್ಮ ಕೆನ್ನೆ ಸವರಿ, "ಕಾಗದ ಬರ್ತದೆ ಬಿಡು ಮೋಳೇ, ಊರಿಗೆಲ್ಲ ಗೊತ್ತಾಗಿದೆಯಲ್ಲ," ಎಂದರು. ಮನಸ್ಸಮ್ಮತಕ್ಕೆ ದಿನ ಗೊತ್ತುಮಾಡಿಯೇ ಎದ್ದರು. ಮದುವೆಗೆ ಮುಂಚೆ ಹೆಣ್ಣಿನ ಕಡೆಯ ಚರ್ಚಿನಲ್ಲಿ ಗಂಡುಹೆಣ್ಣಿಬ್ಬರನ್ನೂ ನಿಲ್ಲಿಸಿ ಸಮ್ಮತವೇ ಎಂದು ಪಾದ್ರಿ ಕೇಳುವ ಶಾಸ್ತ್ರ ಅದು. ಹೆಸರು ದೊಡ್ಡದು. ಮನಸ್ಸನ್ನು ಆ ದಿನದವರೆಗೆ ಕೇಳಿದವರನ್ನು ನಾನಂತೂ ಕಂಡಿಲ್ಲ.

ಫಲಿತಾಂಶ ಬಂತು. ಸಿ ಪ್ಲಸ್.

ಸಂಜೆ ಲಿಂಟಾ ನನ್ನ ಮನೆಗೆ ಬಂದು, ಅಡುಗೆಮನೆಯಲ್ಲಿ ನಾನು ಮೀನು ಕುಯ್ಯುತ್ತಿದ್ದ ಹಲಗೆಯ ಪಕ್ಕ ಕುಕ್ಕರಿಸಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

"ಮನೇಲಿ ಹೇಳಿದ್ಯಾ?"

"ಹೇಳ್ದೆ. ಅಪ್ಪಚ್ಚನ್ ಕಾಲು ಹಿಡಿಯೋದೊಂದು ಬಾಕಿ. 'ಮನಸ್ಸಮ್ಮತ ಮುಗೀಲಿ ಮೋಳೇ, ಮದುವೆ ಆಗ್ಲಿ, ಆಮೇಲೆ ಮತ್ತೆ ಬರೀಬಹುದು, ಯಾರಿಗೂ ಹೇಳಕೂಡದು' ಅಂತಾರೆ. ಸಿಬಿ ಸಾರ್ ಫೋನ್ ಮಾಡಿ, 'ಅಕಾಡೆಮಿ ಮಾನ ನೋಡ್ಬೇಕು, ಬಾಯಿ ಬಿಡಬಾರದು' ಅಂದ್ರು. ಎಲ್ರಿಗೂ ನಾನು ಏನು ಮಾಡ್ಬೇಕು, ಏನು ಮಾಡಬಾರದು ಅಂತ ಗೊತ್ತು ಟೀಚರೇ."

"ನಾನೂ ಒಂದು ಹೇಳ್ತೀನಿ ಕೇಳು. ಇವತ್ತೇ ಹೋಗಿ ಹೇಳಬೇಕು. ಮುಚ್ಚಿಟ್ಟು ಕಟ್ಟಿಕೊಂಡ್ರೆ ಆ ತ್ರೇಸ್ಯಾಮ್ಮ ನಿನ್ನ ಜನ್ಮ ಪೂರ್ತಿ ಕುಟ್ಟಿ ಕುಟ್ಟಿ ತಿಂತಾಳೆ. ನಿನ್ನ ಕೈಲಾಗದಿದ್ರೆ ನಾನೇ ಹೋಗ್ತೀನಿ, ಸೀರೆ ಬದಲಾಯಿಸೋಷ್ಟು ಹೊತ್ತು ಕೊಡು."

"ನೋಡಿ, ನೀವೂ 'ಬೇಕು' ಅಂದ್ರಿ," ಎಂದು ಲಿಂಟಾ ನಕ್ಕಳು. ನನಗೆ ಮುಖಕ್ಕೆ ಹೊಡೆದ ಹಾಗಾಯಿತು, ಮೀನಿನ ತಲೆ ಕತ್ತರಿಸಿದೆ.

ಅವಳೇ ಮುಂದುವರಿಸಿದಳು. "ಜೆರಿನ್ ಕೆಟ್ಟವನಲ್ಲ ಟೀಚರೇ. ದಿನಾ ಮೆಸೇಜ್ ಮಾಡ್ತಾನೆ. ನಾನು ಡ್ಯೂಟಿ ಮುಗ್ಸಿ ಬಂದ್ರೆ ಊಟ ಆಯ್ತಾ ಅಂತ ಕೇಳ್ತಾನೆ, ಹಂಗೆ ಯಾರೂ ಕೇಳಿರ್ಲಿಲ್ಲ. ನಂಗೆ ಒಂದೇ ಗೊತ್ತಾಗ್ಬೇಕು. ಅವನಿಗೆ ನಾನು ಬೇಕಾ, ಆ ಬಿ ಗ್ರೇಡ್ ಬೇಕಾ? ನಾನೇ ಹೇಳ್ತೀನಿ. ನೀವು ಹೋಗಬೇಡಿ."

ಅಲ್ಲಿಯೇ ನನ್ನೆದುರಿಗೇ ಅವನಿಗೆ ಫೋನ್ ಮಾಡಿದಳು. ಮಾಡಿದಳು ನಿಜ, ಆದರೆ ಏನು ಮಾತಾಡಿದಳು! "ಜೆರಿನ್, ಫಲಿತಾಂಶದಲ್ಲಿ ನಾವು ಅಂದುಕೊಂಡ ಹಾಗೆ ಆಗದೆಯೂ ಇರಬಹುದು... ಒಂದು ವೇಳೆ ಸ್ವಲ್ಪ ತಡವಾಗಬಹುದಾದರೆ ನಿಮಗೆ ಹೇಗನ್ನಿಸಬಹುದು?" ತಿಂಗಳುಗಟ್ಟಲೆ ನಾವು ತುರುಕಿದ ಹತ್ತಿಯೆಲ್ಲ ಅವಳ ಬಾಯಿಂದ ಹೊರಬಂತು. ಆ ಕಡೆಯಿಂದ ಅವನು, "ಅದೆಲ್ಲಾ ಅಮ್ಮಚ್ಚಿ ನೋಡ್ಕೊಳ್ತಾರೆ, ನೀನು ತಲೆ ಕೆಡಿಸ್ಕೋಬೇಡ. ಅಂದ ಹಾಗೆ ಅಲ್ಲಿ ಹಿಮ ಯಾವ ತಿಂಗಳು ಬೀಳ್ತದೆ?" ಎಂದ.

ಫೋನ್ ಇಟ್ಟು, "ಅರ್ಥ ಆಗಿರಬಹುದಾ ಟೀಚರೇ?" ಎಂದಳು.

"ಆ ಮಾತು ನನಗೇ ಅರ್ಥ ಆಗ್ಲಿಲ್ಲ," ಎಂದೆ. ನನ್ನ ಕೆಲಸಕ್ಕೆ ಬೆಂಕಿ ಬೀಳಲಿ ಎನ್ನಿಸಿತು.

ಮನಸ್ಸಮ್ಮತದ ದಿನ ಚರ್ಚು ತುಂಬಿತ್ತು. ಸಿಬಿ ಪಕ್ಕದ ಊಟದ ಹಾಲ್‌ನ ಗೇಟಿಗೆ ಇನ್ನೊಂದು ಫ್ಲೆಕ್ಸ್ ಕಟ್ಟಿಸಿದ್ದ, "ಲಂಡನ್ ಜೋಡಿಗೆ ಅಕಾಡೆಮಿಯ ಶುಭಾಶಯ". ಅವನ ಎದೆಗಾರಿಕೆಗೆ ಒಂದು ಪದಕ ಕೊಡಬೇಕು, ಕುತ್ತಿಗೆಗೆ ಬಿಗಿಯಾಗಿ. ಮೊದಲ ಬೆಂಚಿನಲ್ಲಿ ಹೊಸ ಷರಟು ಹಾಕಿ ಕೂತಿದ್ದ. ತ್ರೇಸ್ಯಾಮ್ಮ ರೇಷ್ಮೆ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ ಪಕ್ಕದವರಿಗೆ, "ಮೊದ್ಲು ಇವರಿಬ್ರು ಹೋಗ್ತಾರೆ, ಆರು ತಿಂಗಳಿಗೆ ನಾನು," ಎನ್ನುತ್ತಿದ್ದರು. ಔಸೇಪ್ಪಚ್ಚನ್ ಬೆವರು ಒರೆಸಿಕೊಳ್ಳುತ್ತಿದ್ದರು. ಹಾಲ್ ಕಡೆಯಿಂದ ಬಿರಿಯಾನಿಯ ಘಮ ಬರುತ್ತಿತ್ತು. ನಾನು ಲಿಂಟಾಳ ಮುಖವನ್ನೇ ನೋಡುತ್ತಿದ್ದೆ. ತಿಳಿ ಗುಲಾಬಿ ಸೀರೆ, ತಲೆಯಲ್ಲಿ ಮಲ್ಲಿಗೆ, ತುಟಿ ಬಿಗಿದಿತ್ತು. ಹೇಳುತ್ತಾಳೋ ನುಂಗುತ್ತಾಳೋ, ನನಗೆ ಗೊತ್ತಿರಲಿಲ್ಲ.

ಪಾದ್ರಿ ಮೊದಲು ಗಂಡಿನ ಕಡೆ ತಿರುಗಿದರು. "ಜೆರಿನ್, ಈ ಲಿಂಟಾಳನ್ನು ವರಿಸಲು ನಿನಗೆ ಮನಃಪೂರ್ವಕ ಸಮ್ಮತವೇ?"

ಜೆರಿನ್ ಒಮ್ಮೆ ಹಿಂದಿರುಗಿ ನೋಡಿದ. ತ್ರೇಸ್ಯಾಮ್ಮ ತಲೆಯಾಡಿಸಿದರು. "ಸಮ್ಮತ," ಎಂದ.

"ಲಿಂಟಾ, ನಿನಗೆ ಸಮ್ಮತವೇ?"

ಲಿಂಟಾ ತಲೆ ಎತ್ತಿದಳು. ಪಾದ್ರಿ ಕಾದರು. ಹೆಣ್ಣು ನಾಚಿಕೊಂಡಿದೆ ಎಂದು ಹೆಂಗಸರು ಮುಸಿಮುಸಿ ನಕ್ಕರು. ಔಸೇಪ್ಪಚ್ಚನ್ ಕಣ್ಣು ಮುಚ್ಚಿದರು.

"ಫಾದರ್, ನಾನು ಪರೀಕ್ಷೆಯಲ್ಲಿ ಫೇಲ್," ಎಂದಳು ಲಿಂಟಾ.

ಪಾದ್ರಿಗೆ ಕೇಳಿಸಿತೋ ಇಲ್ಲವೋ, "ಏನು?" ಎಂದರು.

"ಫೇಲ್. ಎರಡನೇ ಸಲ. ಜಂಕ್ಷನ್ನಲ್ಲಿರೋ ಫ್ಲೆಕ್ಸ್ ಸುಳ್ಳು. ಲಂಡನ್ ಇಲ್ಲ, ವೀಸಾ ಇಲ್ಲ. ನಾನು ಈ ಊರಿನ ಆಸ್ಪತ್ರೆಯ ನರ್ಸು, ಅಷ್ಟೇ. ಇದನ್ನ ತಿಳಿಸದೆ ಅವರ ಸಮ್ಮತ ತಗೊಂಡ್ರಿ. ಅದು ಲೆಕ್ಕಕ್ಕಿಲ್ಲ. ಈಗ ಇನ್ನೊಂದ್ಸಲ ಕೇಳಿ."

ಆಮೇಲೆ ಎದ್ದ ಗದ್ದಲವನ್ನು ಚರ್ಚಿನ ಗೋಡೆಗಳು ಹಿಂದೆಂದೂ ಕೇಳಿರಲಿಕ್ಕಿಲ್ಲ. "ಮೋಸ! ಮೋಸ! ಕರ್ತನೇ, ನನ್ನ ಮಗನ ಬಾಳು!" ಎಂದು ತ್ರೇಸ್ಯಾಮ್ಮ ಎದೆ ಬಡಿದುಕೊಂಡರು. ಅವರ ತಮ್ಮ, "ಆ ಅಕಾಡೆಮಿಯವನೆಲ್ಲಿ?" ಎಂದು ತೋಳು ಮಡಿಸಿದ. ಸಿಬಿ ಪ್ರಾರ್ಥನೆಗೆಂದು ಮೊಣಕಾಲೂರಿದವನು ಹಾಗೆಯೇ ಬೆಂಚಿನ ಕೆಳಗೆ ಅರ್ಧ ಸರಿದಿದ್ದ. ಮಾತೃಸಂಘದವರು ಶಾಲಿನ ವಿಷಯವಾಗಿ ಪಿಸುಗುಟ್ಟತೊಡಗಿದರು.

"ಸ್ವಲ್ಪ ಸುಮ್ನಿರಿ," ಎಂದಳು ಲಿಂಟಾ. ಚರ್ಚು ಸುಮ್ಮನಾಯಿತು. ಪಾದ್ರಿಯೂ ಸುಮ್ಮನಾದರು. ಅವಳು ಜೆರಿನ್ ಕಡೆ ತಿರುಗಿದಳು.

"ನಿಮ್ಮನ್ನೇ ಕೇಳ್ತಿರೋದು. ನಾನು ಇಲ್ಲೇ ಇರ್ತೀನಿ ಅಂದ್ರೂ ನಾನು ಬೇಕಾ?"

ಜೆರಿನ್‌ನ ಮುಖದಲ್ಲಿ ಬೆವರು ಇಳಿಯಿತು. ನಿಜ ಹೇಳಬೇಕೆಂದರೆ ಆ ಕ್ಷಣ ನನಗೆ ಅವನ ಮೇಲೆ ಸ್ವಲ್ಪ ಭರವಸೆ ಹುಟ್ಟಿತು. ಬಾಯಿ ತೆರೆದ. ಅವಳನ್ನು ನೋಡಿದ. ಒಂದು ಗಳಿಗೆ, ಸರಿಯಾಗಿಯೇ ನೋಡಿದ. ಹೇಳೋ ಹುಡುಗ, ಹೇಳಿಬಿಡೋ ಎಂದು ನಾನು ಸೆರಗು ಹಿಂಡಿದೆ. ಆಮೇಲೆ ಅವನ ಕಣ್ಣು ಹಿಂದಿನ ಬೆಂಚಿಗೆ ಜಾರಿತು.

"ಅಮ್ಮಚ್ಚಿ ಏನು ಹೇಳ್ತಾರೋ..." ಎಂದ.

"ಸರಿ," ಎಂದಳು ಲಿಂಟಾ. ಪಾದ್ರಿಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು. "ಫಾದರ್, ನನಗೆ ಸಮ್ಮತವಿಲ್ಲ."

ಪಾದ್ರಿ ಪುಸ್ತಕ ಮುಚ್ಚಿದರು. ಇಷ್ಟು ವರ್ಷ ಕೇಳಿದ ಆ ಪ್ರಶ್ನೆಗೆ ಉತ್ತರವೊಂದು ಬರುವುದೂ ಉಂಟು ಎಂದು ಅವರಿಗೆ ಅಂದೇ ತಿಳಿದಿದ್ದು.

ಎಲ್ಲರೂ ಅಂಗಳಕ್ಕೆ ಬಂದರು. ಔಸೇಪ್ಪಚ್ಚನ್ ಚರ್ಚಿನ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ಲಿಂಟಾ ಹೋಗಿ ಪಕ್ಕದಲ್ಲಿ ಕೂತಳು. ಆ ಮನುಷ್ಯ ಚಪ್ಪಲಿ ನೋಡುತ್ತಲೇ, "ನಾನು ನಿನ್ನ ಬಾಯಿ ಮುಚ್ಚಿಸಬಾರದಿತ್ತು ಮೋಳೇ," ಎಂದರು. ಅವಳು ಅವರ ಭುಜಕ್ಕೆ ತಲೆ ಆನಿಸಿ ಅತ್ತಳು. ನಾನೂ ಅತ್ತೆ, ಯಾರು ನೋಡಿದರೂ ಅಡ್ಡಿಯಿಲ್ಲ ಎಂದು ಸದ್ದು ಮಾಡಿಯೇ ಅತ್ತೆ.

ಅಷ್ಟರಲ್ಲಿ ಅಡುಗೆಯವನು ಬಂದು ಬಿರಿಯಾನಿಯ ಹಂಡೆಗಳನ್ನು ಏನು ಮಾಡಲಿ ಎಂದು ಕೇಳಿದ. "ಬಡಿಸು," ಎಂದರು ಔಸೇಪ್ಪಚ್ಚನ್. ಜನ ಒಬ್ಬೊಬ್ಬರಾಗಿ ಹಾಲ್‌ನ ಕಡೆ ನಡೆದರು. ಮಾನ ಹೋದ ಮನೆಯ ಊಟ ಎಂದು ಯಾರೂ ಬಿಡಲಿಲ್ಲ. ಗಂಡಿನ ಕಡೆಯವರೂ ಅರ್ಧಕ್ಕರ್ಧ ಜನ, ಹೇಗೂ ಬಂದಾಗಿದೆಯಲ್ಲ ಎಂದು, ಎಲೆಯ ಮುಂದೆ ಕೂತರು. ಜೆರಿನ್ ಕಾರಿನಲ್ಲಿ ಕೂತಿದ್ದ.

ಲಿಂಟಾ ಕಣ್ಣೊರೆಸಿಕೊಂಡು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಲಾಡಿನ ತಟ್ಟೆ ಎತ್ತಿಕೊಂಡು ಹಾಲ್‌ನ ಬಾಗಿಲಿಗೆ ಬಂದಳು. ಅಲ್ಲಿ ತ್ರೇಸ್ಯಾಮ್ಮ ಅಡ್ಡ ನಿಂತಿದ್ದರು. ಎದೆ ಬಡಿದುಕೊಳ್ಳುವುದು ಮುಗಿದಿತ್ತು. ಸುತ್ತ ಒಮ್ಮೆ ನೋಡಿ, ದನಿ ತಗ್ಗಿಸಿ, ಅವಳ ಮೊಣಕೈ ಮುಟ್ಟಿದರು.

"ಆದದ್ದು ಆಯ್ತು ಮೋಳೇ, ಮನಸ್ಸಿಗೆ ಹಚ್ಕೋಬೇಡ. ಮುಂದಿನ ಪರೀಕ್ಷೆ ಯಾವಾಗ? ಆ ಸಲ ಹೆಂಗೂ ಪಾಸಾಗ್ತೀಯ. ಜೆರಿನ್ ಬೇಕಾದ್ರೆ ಕಾಯ್ತಾನೆ."

ಲಿಂಟಾ ಅವರನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು.

"ಪಾಸಾಗ್ತೀನಿ ಅಮ್ಮಚ್ಚಿ. ನಿಮ್ಮ ಮಗನಿಗೋಸ್ಕರ ಅಲ್ಲ," ಎಂದಳು. "ದಾರಿ ಬಿಡಿ. ಒಳಗೆ ಜನ ಹಸಿದಿದ್ದಾರೆ."

ತ್ರೇಸ್ಯಾಮ್ಮ ದಾರಿ ಬಿಟ್ಟರು.